ಹನ್ನೊಂದು ಟೈಲ್ಸು

ಬೈತಖೋಲದ ಐಸ್ ಫ್ಯಾಕ್ಟರಿ ಹಿಂದೆ ಸಿಕ್ಕಾಗ
ನೈಲಾನ್ ಹಗ್ಗ ಕೊರಳ ಚರ್ಮದೊಳಗೆ ಇಳಿದಿತ್ತು.
ಡಾಕ್ಟರು ಕತ್ತರಿಸಿ ತೆಗೆದರು. ಹದಿಮೂರು ಹೊಲಿಗೆ.
ಹೆಣ್ಣು, ಎರಡು ವರ್ಷ ಇರಬಹುದು, ಎಂದು ಚೀಟಿಯಲ್ಲಿ ಬರೆದು
ಹೆಸರಿನ ಜಾಗ ಖಾಲಿ ಬಿಟ್ಟರು.

ನನ್ನ ಕೋಣೆ ಕೋಡಿಬಾಗದಲ್ಲಿ, ಕಾಳಿ ಸೇತುವೆಗೆ ಹತ್ತಿರ.
ನೆಲಕ್ಕೆ ಬಿಳಿ ಟೈಲ್ಸು, ಬಾಗಿಲಿಂದ ಮಂಚದವರೆಗೆ ಹನ್ನೊಂದು.
ಅದರಾಚೆ, ಮಂಚದ ಕೆಳಗೆ,
ಟ್ರಂಕಿಗೂ ಗೋಡೆಗೂ ನಡುವಿನ ಸಂದಿಯಲ್ಲಿ
ಅದು ಎರಡು ಕಣ್ಣು ಮಾತ್ರ ಆಗಿ ಉಳಿಯಿತು.

ಕುಕ್ಕರ್ ಕೂಗಿದರೆ ಅಲ್ಲೇ ಉಚ್ಚೆ.
ಕಸಬರಿಗೆ ಎತ್ತಿದರೆ ಹಲ್ಲು.
ಮೂರನೇ ದಿನ ಅನ್ನದ ತಾಟಿಗೆ ಕೈ ಚಾಚಿದ್ದಕ್ಕೆ
ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿತು.
ಮರುದಿನ ಟಿಕೆಟ್ ಮಷಿನ್ನಿನ ಗುಂಡಿ ಒತ್ತಲಾಗದೆ
ಅಂಕೋಲೆಯವರೆಗೂ ಎಡಗೈಯಲ್ಲೇ ತಡವರಿಸಿದೆ.

ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ನನ್ನ ಅಂಗಿಗೆ.
ನಸುಕಿನ ಡ್ಯೂಟಿಗೆ ಖಾಕಿಯ ಗುಂಡಿ ಹಾಕುತ್ತಿದ್ದಂತೆ
ಗೋಡೆಯನ್ನೇ ಕೆರೆದು ಒಳಗೆ ಹೋಗಲು ನೋಡಿತು.
ಯಾರು ಯಾವಾಗ ಖಾಕಿ ತೊಟ್ಟು ಏನು ಮಾಡಿದ್ದರೋ,
ಹೇಳಲು ಅದಕ್ಕೆ ಬರುವುದಿಲ್ಲ, ಕೇಳಲು ನನಗೂ.

ಪಕ್ಕದ ಮನೆಯ ಶೇವಂತಿಬಾಯಿ ಹರಿಕಂತ್ರ,
ದಿನಾ ನನ್ನ ಬಸ್ಸಿಗೇ ಮೀನಿನ ಬುಟ್ಟಿ ಹತ್ತಿಸಿ
ಲಗೇಜಿನ ಹತ್ತು ರೂಪಾಯಿಗೆ ಜಗಳ ಕಾಯುವವಳು,
ಕಿಟಕಿಯಲ್ಲಿ ಇಣುಕಿ ಅಂದಳು:
"ಇದು ತಿಸ್ರೆ. ಕತ್ತಿ ಹಾಕಿ ಬಿಡಿಸ್ಬೇಡ. ತಾನೇ ಬಾಯಿ ಬಿಡ್ತದೆ."
ಚೀಟಿಯ ಖಾಲಿ ಜಾಗ ಹಾಗೆ ತುಂಬಿತು.

ಅವತ್ತಿನಿಂದ ಅಂಗಿ ಬದಲಿಸುವುದು ಶೇವಂತಿಯ ಬಚ್ಚಲಲ್ಲಿ.
ನೈಟಿ ತೊಟ್ಟು ನನ್ನದೇ ಮನೆಗೆ ಕಳ್ಳಿಯ ಹಾಗೆ ಬರುತ್ತೇನೆ.
ಬಾಗಿಲ ಬಳಿ ಬೆನ್ನು ತಿರುಗಿಸಿ ಕೂತು
ಒಣ ಬಂಗಡೆಯ ಚೂರೊಂದನ್ನು ಹಿಂದಕ್ಕೆ ಎಸೆಯುತ್ತೇನೆ,
ಎತ್ತ ಬಿತ್ತೆಂದು ನೋಡದೆ.
ಪೇಪರ್ ಓದುತ್ತೇನೆ. ರಜೆ ಚೀಟಿ ಬರೆಯುತ್ತೇನೆ.
ಸವದತ್ತಿಗೆ ಫೋನು ಹಚ್ಚಿದರೆ ಅವ್ವ ನಗುತ್ತಾಳೆ:
"ನಾಯಿ ಸಾಕೂದಂದ್ರ ಅದಕ್ಕ ಬೆನ್ನ ಮಾಡಿ ಕೂಡೂದೇನ?"

ಹತ್ತನೇ ಟೈಲ್ಸಿಗೆ ಮೂಗು ಬರಲು ಒಂಬತ್ತು ದಿನ.
ಏಳನೆಯದಕ್ಕೆ ಒಂದು ತಿಂಗಳು.
ದೀಪಾವಳಿಯ ಮೊದಲ ಪಟಾಕಿಗೆ ಮತ್ತೆ ಟ್ರಂಕಿನ ಹಿಂದೆ;
ನೀರು ಕೂಡ ಮುಟ್ಟಲಿಲ್ಲ.
ಆ ರಾತ್ರಿ ನಾನೂ ಮಂಚದಡಿ ಅರ್ಧ ತೂರಿ ಮಲಗಿದೆ,
ಅಣಶಿ ಘಾಟಿನಲ್ಲಿ ಕೆಟ್ಟು ನಿಂತ ಬಸ್ಸಿನ ಕೆಳಗೆ
ಮೆಕ್ಯಾನಿಕ್ ಮಲಗುವ ಹಾಗೆ.
ಏನೂ ರಿಪೇರಿ ಮಾಡಲಿಲ್ಲ.

ಖಾಕಿಯದು ಬೇರೆ ಲೆಕ್ಕ.
ಮೊದಲು ಹಳೆ ಅಂಗಿಯ ಒಂದು ಹರಿದ ತೋಳು,
ಅದರ ಮೇಲೆ ನಾಲ್ಕು ಒಣ ಸಿಗಡಿ.
ಎರಡು ಸಲ ಇರುವೆ ತಿಂದವು.
ಮೂರನೇ ಸಲ ಇರುವೆಗಿಂತ ಮೊದಲು ತಿಸ್ರೆ ಬಂತು.
ಆಮೇಲೆ ಕಾಲರು. ಆಮೇಲೆ ಜೇಬು, ಸೀಟಿಯ ದಾರ ಸಮೇತ.

ಯಾವ ದಿನವೆಂದು ಬರೆದಿಟ್ಟಿಲ್ಲ.
ಕೈಗಾ ಟ್ರಿಪ್ಪು ಮುಗಿಸಿದ ಸುಸ್ತಿನಲ್ಲಿ
ಶೇವಂತಿಯ ಮನೆ ಮರೆತು ನೇರ ಒಳಗೆ ಬಂದುಬಿಟ್ಟೆ.
ಲೈಟು ಹಾಕಿದ ಮೇಲೆಯೇ ಗೊತ್ತಾಗಿದ್ದು, ಮೈಮೇಲೆ ಖಾಕಿ.
ಮಂಚದ ಕೆಳಗೆ ಗುರ್ ಅಂದಿತು. ನಾನು ಅಲ್ಲಾಡಲಿಲ್ಲ.
ಗುರ್ರೆನ್ನುತ್ತಲೇ ಹೊರಟಿತು. ಎಂಟು. ಐದು. ಎರಡು.
ತೋಳು ಮೂಸಿತು:
ಡೀಸೆಲ್ಲು, ಬೆವರು, ನೂರು ಕೈ ದಾಟಿದ ನೋಟು,
ಶೇವಂತಿಯ ಬುಟ್ಟಿಯಿಂದ ಸೋರಿದ ನೀರು.
ಅವನ ವಾಸನೆ ಅದರಲ್ಲಿ ಇರಲಿಲ್ಲವೇನೋ.
ಒಮ್ಮೆ ಸೀನಿ ತಿರುಗಿ ಹೋಯಿತು.

ಕುಕ್ಕರಿಗೆ ಇನ್ನೂ ಉಚ್ಚೆ ಹೊಯ್ಯುತ್ತದೆ.
ಎಡಗಾಲಿನ ಚಪ್ಪಲಿ ಈವರೆಗೆ ಮೂರು ಹೋದವು.
ತಾಟಿನ ಹತ್ತಿರ ನನ್ನ ಕೈಯೂ ಇನ್ನೂ ನಡುಗುತ್ತದೆ,
ಅದು ಗೊತ್ತಾಗಿಯೋ ಏನೋ ತಿನ್ನುವುದು ನಿಲ್ಲಿಸಿ ಕಾಯುತ್ತದೆ.

ಇವತ್ತು ಬೆಳಿಗ್ಗೆ ಐದಕ್ಕೆ, ಕತ್ತಲಲ್ಲಿ,
ಕೊನೆಯ ಗುಂಡಿ ಹಾಕುವಾಗ
ಮಂಚದ ಕೆಳಗೆ ಟೈಲ್ಸಿನ ಮೇಲೆ ಟಪ್ ಟಪ್, ಎರಡೇ ಸಲ,
ಡ್ರೈವರಿಗೆ ರೈಟ್ ರೈಟ್ ಅಂದ ಹಾಗೆ.
ಬಾಲವೋ, ಕಿವಿ ಕೆರೆದುಕೊಂಡ ಕಾಲೋ,
ಬಗ್ಗಿ ನೋಡಲಿಲ್ಲ.